ಕ್ರಿಟಿಕಲ್ ರೀಸನಿಂಗ್‌ನಲ್ಲಿ ಸ್ಪೀಡೂ ಬೇಕು, ಉತ್ತರಾನೂ ಸರಿ ಇರ್ಬೇಕು: ಹಂತ ಹಂತವಾಗಿ ಹೆಂಗೆ ಮಾಡೋದು

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗಳು ಮನೆಗೆ ಬಂದಿದ್ಲು, ಕ್ಲಾಟ್‌ಗೆ (ಲಾ ಕಾಲೇಜ್ ಎಂಟ್ರೆನ್ಸ್) ಓದ್ತಿದಾಳೆ, ನಾಗರಭಾವಿ ಲಾ ಸ್ಕೂಲೇ ಬೇಕು ಅಂತ ಹಠ. ಬಂದವಳೇ ಕ್ರಿಟಿಕಲ್ ರೀಸನಿಂಗ್‌ನ, ಅಂದ್ರೆ ಒಂದು ವಾದ ಕೊಟ್ಟು ಅದು ಎಷ್ಟು ಗಟ್ಟಿ ಅಂತ ಕೇಳೋ ಪ್ರಶ್ನೆಗಳ, ಮಾಕ್ ಪೇಪರ್ (ಪರೀಕ್ಷೆ ಥರದ ಪ್ರಾಕ್ಟೀಸ್ ಪೇಪರ್) ಟೇಬಲ್ ಮೇಲೆ ಇಟ್ಟು "ಅಣ್ಣಾ, ಬೇಗ ಮಾಡಿದ್ರೆ ತಪ್ಪಾಗತ್ತೆ, ನಿಧಾನ ಮಾಡಿದ್ರೆ ಮುಗಿಯಲ್ಲ, ಏನ್ ಮಾಡ್ಲಿ ಹೇಳು" ಅಂದ್ಲು. ಪೇಪರ್ ತಿರುಗಿಸಿ ನೋಡ್ದೆ. ಪ್ಯಾಸೇಜ್‌ನಲ್ಲಿ ಹೆಚ್ಚುಕಮ್ಮಿ ಪ್ರತಿ ಸಾಲಿಗೂ ಅಡಿಗೆರೆ, ಪಕ್ಕದಲ್ಲಿ ಬಿ ಅಂತ ಬರೆದು ಅಳಿಸಿ, ಸಿ ಅಂತ ಬರೆದು ಅಳಿಸಿ, ಮತ್ತೆ ಬಿ, ಆ ಜಾಗದಲ್ಲಿ ರಬ್ಬರ್ ಉಜ್ಜಿ ಉಜ್ಜಿ ಪೇಪರೇ ತೆಳ್ಳಗಾಗಿತ್ತು. ಅವಳ ಟೈಮ್ ಎಲ್ಲಿ ಹೋಗ್ತಿದೆ ಅಂತ ಅಲ್ಲೇ ಗೊತ್ತಾಯ್ತು.

ಒಂದ್ಸಲ ಓದೋದಕ್ಕೆ ಅಷ್ಟೇನೂ ಟೈಮ್ ಹೋಗಲ್ಲ, ಮತ್ತೆ ಮತ್ತೆ ಓದೋದಕ್ಕೆ ಹೋಗೋದು. ಮೊದಲನೇ ಸಲ ಅವಸರದಲ್ಲಿ ಓದ್ತೀವಿ, ಆರ್ಗ್ಯುಮೆಂಟ್ ತಲೆಗೆ ಹತ್ತಿರಲ್ಲ, ಆಪ್ಷನ್‌ಗೆ ಹೋಗ್ತೀವಿ, ಎಲ್ಲಾ ಆಪ್ಷನ್ನೂ ಸರಿ ಅನ್ಸತ್ತೆ, ವಾಪಸ್ ಪ್ಯಾಸೇಜ್‌ಗೆ, ಮತ್ತೆ ಆಪ್ಷನ್‌ಗೆ, ಹಿಂಗೇ ಮೂರು ನಿಮಿಷ ಕಳೆದಿರತ್ತೆ. ನಾನು ಜಿಮ್ಯಾಟ್‌ಗೆ (ಎಂಬಿಎ ಎಂಟ್ರೆನ್ಸ್) ಓದೋವಾಗ ಮೊದಲನೇ ಮೂರು ತಿಂಗಳು ಮಾಡಿದ್ದು ಇದನ್ನೇ. ಆಗ ಹೋಗ್ತಿದ್ದ ಕೋಚಿಂಗ್‌ನಲ್ಲಿ ಮೊದಲನೇ ದಿನದಿಂದಾನೇ ಸ್ಟಾಪ್‌ವಾಚ್ ಹಿಡ್ಕೊಂಡು ನಿಲ್ತಿದ್ರು, ಪ್ರಶ್ನೆಗೆ ಒಂದೂವರೆ ನಿಮಿಷ ಮುಗೀತು ಮುಂದಕ್ಕೆ ಹೋಗಿ ಅಂತ, ಅದ್ರಿಂದ ನನಗೆ ಬಂದಿದ್ದು ಸ್ಪೀಡ್ ಅಲ್ಲ, ಗಾಬರಿ. ಅದಕ್ಕೇ ಇಷ್ಟು ವಿವರವಾಗಿ ಬರೀತಿದೀನಿ.

ಶುರು ಮಾಡೋ ಮುಂಚೆ: ನಿಮ್ಮ ಪರೀಕ್ಷೆ ಲೆಕ್ಕ ಏನು?

ಎಲ್ಲಾ ಪರೀಕ್ಷೆಗೂ ಒಂದೇ ಸ್ಪೀಡ್ ಅಲ್ಲ. ಜಿಮ್ಯಾಟ್ ವರ್ಬಲ್‌ನಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ, ಅಂದ್ರೆ ಒಂದಕ್ಕೆ ಎರಡು ನಿಮಿಷಕ್ಕಿಂತ ಸ್ವಲ್ಪ ಕಮ್ಮಿ, ಅದ್ರಲ್ಲೇ ರೀಡಿಂಗ್ ಕಾಂಪ್ರಿಹೆನ್ಷನ್ನೂ ಬರತ್ತೆ. ಕ್ಲಾಟ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ, ಲಾಜಿಕಲ್ ರೀಸನಿಂಗ್ (ಅಲ್ಲಿ ಇದಕ್ಕೆ ಈ ಹೆಸರು) ಅದ್ರಲ್ಲಿ 22ರಿಂದ 26, ಎಲ್ಲಾ ಪ್ಯಾಸೇಜ್ ಮೇಲೇ. ಕ್ಯಾಟ್‌ನಲ್ಲಿ (ಐಐಎಂಗಳ ಎಂಟ್ರೆನ್ಸ್) ವರ್ಬಲ್ ಸೆಕ್ಷನ್‌ಗೆ 40 ನಿಮಿಷ, ಅಲ್ಲಿ ಈ ಥರ ಪ್ರಶ್ನೆಗಳು ಪ್ಯಾಸೇಜ್ ಒಳಗೆ ಸೇರ್ಕೊಂಡಿರ್ತವೆ. ವಿಜಯನಗರದ ಕಡೆ ಯುಪಿಎಸ್‌ಸಿಗೆ ಓದೋರಿಗೆ ಸಿಸ್ಯಾಟ್ (ಪ್ರಿಲಿಮ್ಸ್‌ನ ಎರಡನೇ ಪೇಪರ್) ಇದೆ, 2 ಗಂಟೆಗೆ 80 ಪ್ರಶ್ನೆ, ಶೇ 33 ಬಂದ್ರೆ ಸಾಕು, ಆದ್ರೆ ಆ 33 ಬರದೇ ಮೊದಲನೇ ಪೇಪರ್ ಚೆನ್ನಾಗಿ ಮಾಡಿದೋರೂ ಅಲ್ಲೇ ನಿಂತ್ಬಿಡ್ತಾರೆ, ಅದು ನಿಜವಾಗ್ಲೂ ಹೊಟ್ಟೆ ಉರಿಯೋ ವಿಷಯ.

ನೆಗೆಟಿವ್ ಮಾರ್ಕ್ಸ್ ಲೆಕ್ಕ ಕೊನೇಲಿ ಹೇಳ್ತೀನಿ. ಈಗ ಇಷ್ಟು ತಿಳ್ಕೊಂಡ್ರೆ ಸಾಕು: ಸಿಗೋ ಟೈಮ್ ಇಷ್ಟು, ಅದನ್ನ ಒಂದೇ ಪ್ರಶ್ನೆ ಒಳಗೆ ಎಲ್ಲಿ ಜಾಸ್ತಿ ಹಾಕ್ಬೇಕು, ಎಲ್ಲಿ ಕಮ್ಮಿ ಹಾಕ್ಬೇಕು ಅನ್ನೋದೇ ನಾವು ಕಲೀಬೇಕಿರೋದು.

ಹಂತ 1: ನಿಮ್ಮ ಕಾಯಿಲೆ ಯಾವುದು ಪತ್ತೆ ಮಾಡಿ

ಒಂದು ಭಾನುವಾರ ಕೂತ್ಕೊಂಡು 20 ಪ್ರಶ್ನೆ ಮಾಡಿ, ಟೈಮ್ ಲಿಮಿಟ್ ಇಲ್ಲದೆ. ಆದ್ರೆ ಫೋನ್‌ನಲ್ಲಿ ಸ್ಟಾಪ್‌ವಾಚ್ ಓಡ್ತಿರ್ಲಿ, ಮಗುಚಿ ಇಡಿ, ಒಂದೊಂದು ಪ್ರಶ್ನೆ ಮುಗಿದಾಗ ಲ್ಯಾಪ್ ಬಟನ್ ಮಾತ್ರ ಒತ್ತಿ. ಮುಗಿದ್ಮೇಲೆ ನಾಲ್ಕು ಗುಂಪು ಮಾಡಿ: ಬೇಗ ಮಾಡಿ ಸರಿ, ನಿಧಾನ ಮಾಡಿ ಸರಿ, ಬೇಗ ಮಾಡಿ ತಪ್ಪು, ನಿಧಾನ ಮಾಡಿ ತಪ್ಪು.

ಬೇಗ ಮಾಡಿ ತಪ್ಪಾಗಿದ್ದೇ ಜಾಸ್ತಿ ಇದ್ರೆ ನೀವು ಕನ್‌ಕ್ಲೂಷನ್, ಅಂದ್ರೆ ಬರೆದೋರ ತೀರ್ಮಾನ, ಸರಿಯಾಗಿ ಓದ್ತಿಲ್ಲ. ನಿಧಾನ ಮಾಡಿ ಸರಿ ಇದ್ರೆ ತಲೆ ಸರಿಯಾಗೇ ಓಡ್ತಿದೆ, ಧೈರ್ಯ ಸಾಲ್ತಿಲ್ಲ, ಸರಿ ಉತ್ತರ ಸಿಕ್ಕಿದ್ಮೇಲೂ ಮತ್ತೊಂದ್ಸಲ ಚೆಕ್ ಮಾಡ್ತಿದೀರ. ನಿಧಾನ ಮಾಡಿಯೂ ತಪ್ಪು ಅನ್ನೋದು ನಿಜವಾದ ತೊಂದರೆ, ಆ ಥರದ ಪ್ರಶ್ನೆ ನಿಮಗಿನ್ನೂ ಬರಲ್ಲ ಅಂತ ಅರ್ಥ, ಅದಕ್ಕೆ ಟೈಮರ್ ಹಾಕೋದ್ರಿಂದ ಏನೂ ಉಪಯೋಗ ಇಲ್ಲ, ಕಲೀಬೇಕು ಅಷ್ಟೇ. ನನ್ನ ಚಿಕ್ಕಪ್ಪನ ಮಗಳು ಎರಡನೇ ಗುಂಪು. ಟೈಮ್ ಲಿಮಿಟ್ ಇಲ್ಲದೆ 20ಕ್ಕೆ 17 ಸರಿ ಬಂತು, ಅವಳೇ ನಂಬಲಿಲ್ಲ.

ಟೈಮ್ ಲಿಮಿಟ್ ಇಲ್ಲದೇನೇ 20ಕ್ಕೆ 15ಕ್ಕಿಂತ ಕಮ್ಮಿ ಬಂದ್ರೆ ದಯವಿಟ್ಟು ಇನ್ನೂ ಎರಡು ಮೂರು ವಾರ ಸ್ಪೀಡ್ ಬಗ್ಗೆ ಯೋಚ್ನೆ ಮಾಡ್ಬೇಡಿ.

ಹಂತ 2: ಪ್ರಶ್ನೆ ಮೊದಲು, ಪ್ಯಾಸೇಜ್ ಆಮೇಲೆ

ಜಿಮ್ಯಾಟ್ ಥರ ಸಣ್ಣ ಪ್ಯಾರಾ, ಒಂದೇ ಪ್ರಶ್ನೆ ಇದ್ರೆ ಮೊದಲು ಪ್ರಶ್ನೆ ನೋಡಿ, ಐದಾರು ಸೆಕೆಂಡ್ ಸಾಕು. ವೀಕನ್ ಮಾಡ್ಬೇಕಾ (ವಾದ ದುರ್ಬಲ ಮಾಡೋದು), ಸ್ಟ್ರೆಂಗ್ತನ್ ಮಾಡ್ಬೇಕಾ (ಗಟ್ಟಿ ಮಾಡೋದು), ಅಸಂಪ್ಷನ್ನಾ (ಹೇಳದೇ ನಂಬ್ಕೊಂಡಿರೋದು), ಇನ್ಫರೆನ್ಸಾ (ಕೊಟ್ಟಿರೋದ್ರಿಂದ ಖಂಡಿತ ಬರೋದು) ಅಂತ ಗೊತ್ತಾದ್ರೆ ಪ್ಯಾರಾ ಓದೋ ಕಣ್ಣೇ ಬೇರೆ ಆಗತ್ತೆ. ಕ್ಲಾಟ್ ಥರ ಸುಮಾರು 450 ಪದದ ಪ್ಯಾಸೇಜ್‌ಗೆ ನಾಲ್ಕೈದು ಪ್ರಶ್ನೆ ಇದ್ರೆ ಹಿಂಗೆ ಮಾಡ್ಬೇಡಿ, ಐದೂ ಪ್ರಶ್ನೆ ತಲೇಲಿ ನಿಲ್ಲಲ್ಲ, ನೇರ ಪ್ಯಾಸೇಜ್ ಓದಿ.

ಹಂತ 3: ಪ್ಯಾರಾನ ಕನ್ನಡದಲ್ಲಿ ಒಂದು ಸಾಲು ಮಾಡ್ಕೊಳ್ಳಿ

ನನ್ನ ಮಟ್ಟಿಗೆ ಎಲ್ಲದಕ್ಕಿಂತ ಮುಖ್ಯವಾದ ಹಂತ ಇದೇ, ಕನ್ನಡ ಮೀಡಿಯಂನಿಂದ ಬಂದೋರಿಗಂತೂ ಇದು ಆಸ್ತಿ. ಪ್ಯಾರಾ ಇಂಗ್ಲಿಷ್‌ನಲ್ಲಿ ಇರತ್ತೆ, ಭಾರಿ ಭಾರಿ ಪದ ಇರತ್ತೆ, ಅದನ್ನ ಅದೇ ಇಂಗ್ಲಿಷ್‌ನಲ್ಲಿ ತಲೇಲಿ ಇಟ್ಕೊಳ್ಳೋಕೆ ಹೋದ್ರೆ ಪದ ನೆನಪಿರತ್ತೆ, ಅರ್ಥ ಇರಲ್ಲ. ಓದಿದ ತಕ್ಷಣ ಮನಸ್ಸಲ್ಲೇ ಕೇಳ್ಕೊಳ್ಳಿ: "ಇವನು ಹೇಳ್ತಿರೋದೇನು? ಯಾಕೆ ಹಂಗೆ ಹೇಳ್ತಿದಾನೆ?" ಉತ್ತರ "ಇದು ಹಿಂಗಾಯ್ತು, ಹಂಗಾಗಿ ಇದು ಹಿಂಗೇ" ಅನ್ನೋ ಒಂದು ಸಾಲಲ್ಲಿ ಬರ್ಬೇಕು, ಅಮ್ಮನಿಗೆ ಹೇಳಿದ್ರೂ ಅರ್ಥ ಆಗೋ ಹಂಗೆ. ಆ ಸಾಲು ಬರ್ಲಿಲ್ಲ ಅಂದ್ರೆ ಆಪ್ಷನ್ ಕಡೆ ಕಣ್ಣೇ ಹಾಯಿಸ್ಬೇಡಿ, ಪ್ಯಾರಾನೇ ಇನ್ನೊಂದ್ಸಲ ಓದಿ. ಇಲ್ಲಿ 40, 45 ಸೆಕೆಂಡ್ ಹೋದ್ರೂ ಪರವಾಗಿಲ್ಲ, ಎಲ್ಲರೂ ಇಲ್ಲೇ ಉಳಿಸೋಕೆ ಹೋಗಿ ಆಮೇಲೆ ಅದರ ಎರಡರಷ್ಟು ಕಳ್ಕೊಳ್ತಾರೆ.

ಕನ್‌ಕ್ಲೂಷನ್ ಯಾವುದು ಅಂತ ಅನುಮಾನ ಬಂದ್ರೆ ಎರಡು ವಾಕ್ಯದ ಮಧ್ಯ "ಆದ್ದರಿಂದ" ಹಾಕಿ ನೋಡಿ, ಆಮೇಲೆ ಹಿಂದೆಮುಂದೆ ಮಾಡಿ ಹಾಕಿ ನೋಡಿ. ಯಾವ ಕಡೆಯಿಂದ ಓದಿದ್ರೆ ಸರಿ ಕೇಳ್ಸತ್ತೋ ಅದರಲ್ಲಿ "ಆದ್ದರಿಂದ" ಆದ್ಮೇಲೆ ಬರೋದೇ ಕನ್‌ಕ್ಲೂಷನ್.

ಹಂತ 4: ಬಿರುಕು ಎಲ್ಲಿದೆ ಮೊದಲೇ ಯೋಚ್ನೆ ಮಾಡಿ

ಆಪ್ಷನ್ ನೋಡೋ ಮುಂಚೆ ಹತ್ತು ಹದಿನೈದು ಸೆಕೆಂಡ್ ನಿಲ್ಲಿ. ಕಾರಣಕ್ಕೂ ತೀರ್ಮಾನಕ್ಕೂ ಮಧ್ಯ ಒಂದು ಬಿರುಕು ಇದ್ದೇ ಇರತ್ತೆ, ಅದು ಎಲ್ಲಿ ಅಂತ ಹುಡುಕಿ. ನೂರಾರು ಪ್ರಶ್ನೆ ಮಾಡಿದ್ಮೇಲೆ ನನಗೆ ಕಂಡಿದ್ದು, ಬಿರುಕುಗಳು ಬಹುತೇಕ ಕೆಲವೇ ಜಾತಿ.

ಒಂದು ಕಾರಣದ ಬಿರುಕು. ಜಂಕ್ಷನ್‌ನಲ್ಲಿ ಹೊಸ ಸಿಗ್ನಲ್ ಹಾಕಿದ್ಮೇಲೆ ಆಕ್ಸಿಡೆಂಟ್ ಅರ್ಧಕ್ಕೆ ಇಳೀತು, ಹಂಗಾಗಿ ಸಿಗ್ನಲ್‌ನಿಂದಾನೇ ಇಳೀತು ಅಂತಾರೆ. ಅದೇ ಟೈಮಲ್ಲಿ ವೈಟ್ ಟಾಪಿಂಗ್ (ರಸ್ತೆಗೆ ಕಾಂಕ್ರೀಟ್ ಹಾಕೋದು) ಅಂತ ಒಂದು ಕಡೆ ರಸ್ತೆ ಮುಚ್ಚಿ ಗಾಡಿಗಳೇ ಕಮ್ಮಿ ಆಗಿದ್ರೆ? ಇನ್ನೊಂದು ಸ್ಯಾಂಪಲ್ ಬಿರುಕು, ಕೋರಮಂಗಲದಲ್ಲಿ ಸರ್ವೆ ಮಾಡಿ ಇಡೀ ಬೆಂಗಳೂರಿಗೆ ಹೇಳೋದು. ಮೂರನೇದು ಪ್ಲಾನ್ ಬಿರುಕು, ಬಸ್ ಜಾಸ್ತಿ ಬಿಟ್ರೆ ಟ್ರಾಫಿಕ್ ಕಮ್ಮಿ ಆಗತ್ತೆ ಅನ್ನೋದು, ಕಾರ್ ಇರೋರು ಕಾರ್ ಬಿಟ್ಟು ಬಸ್ ಹತ್ತುತಾರೆ ಅಂತ ಸದ್ದಿಲ್ದೆ ನಂಬ್ಕೊಂಡಿರ್ತಾರೆ. ನಾಲ್ಕನೇದು ಲೆಕ್ಕದ ಬಿರುಕು, ಪರ್ಸೆಂಟೇಜನ್ನ ಸಂಖ್ಯೆ ಅಂತಲೋ, ಆದಾಯಾನ ಮಾರಾಟ ಅಂತಲೋ ತಿಳ್ಕೊಳ್ಳೋದು. ಕೆಳಗಿನ ಉದಾಹರಣೆ ಅದೇ.

ಒಂದು ಪ್ರಶ್ನೆ ಪೂರ್ತಿ ಬಿಡಿಸಿ ನೋಡೋಣ

ಒಂದು ದರ್ಶಿನಿಯವರು ಕಾಫಿ ರೇಟ್ 15 ರೂಪಾಯಿಂದ 20ಕ್ಕೆ ಏರಿಸಿದ್ರು. ಆ ತಿಂಗಳು ಕಾಫಿಯಿಂದ ಬಂದ ಒಟ್ಟು ದುಡ್ಡು ಹಿಂದಿನ ತಿಂಗಳಿಗಿಂತ ಜಾಸ್ತಿ. ಆದ್ದರಿಂದ ಬೆಲೆ ಏರಿಕೆಯಿಂದ ಕಾಫಿ ಮಾರಾಟಕ್ಕೆ ಹೊಡೆತ ಬಿದ್ದಿಲ್ಲ, ಮೊದಲಿನಷ್ಟೇ ಲೋಟ ಹೋಗ್ತಿದೆ ಅಂತ ಮಾಲೀಕರ ತೀರ್ಮಾನ. ಇದನ್ನ ಎಲ್ಲಕ್ಕಿಂತ ಜಾಸ್ತಿ ವೀಕನ್ ಮಾಡೋದು ಯಾವುದು?

ಎ. ಬೆಲೆ ಜಾಸ್ತಿ ಆಯ್ತು ಅಂತ ಕೆಲವು ಗಿರಾಕಿಗಳು ಕ್ಯಾಷ್ ಕೌಂಟರ್‌ನಲ್ಲಿ ಗೊಣಗಿದ್ರು.
ಬಿ. ಹಾಲು, ಕಾಫಿಪುಡಿ ರೇಟ್ ಏರಿದ್ರಿಂದ ಆ ತಿಂಗಳು ಕಾಫಿ ಮೇಲಿನ ಲಾಭ ಕಮ್ಮಿ ಆಯ್ತು.
ಸಿ. ಪಕ್ಕದ ರಸ್ತೆ ಹೋಟೆಲ್‌ನಲ್ಲೂ ಅದೇ ತಿಂಗಳು ಕಾಫಿ 20 ರೂಪಾಯಿ ಆಯ್ತು.
ಡಿ. ಆ ತಿಂಗಳು ಕಾಫಿಯಿಂದ ಬಂದ ದುಡ್ಡು ಹಿಂದಿನ ತಿಂಗಳಿಗಿಂತ ಶೇ 10ರಷ್ಟು ಜಾಸ್ತಿ.
ಇ. ಆ ತಿಂಗಳು ಇಡ್ಲಿ, ವಡೆ ಮಾರಾಟ ಕಮ್ಮಿ ಆಯ್ತು.

ನಮ್ಮ ಒಂದು ಸಾಲು: "ದುಡ್ಡು ಜಾಸ್ತಿ ಬಂತು, ಹಂಗಾಗಿ ಲೋಟ ಕಮ್ಮಿ ಆಗಿಲ್ಲ." ಬಿರುಕು ತಕ್ಷಣ ಕಾಣತ್ತೆ, ಒಂದೊಂದು ಲೋಟಕ್ಕೆ ಬರೋ ದುಡ್ಡೇ ಜಾಸ್ತಿ ಆಗಿದೆ, ಲೋಟ ಕಮ್ಮಿ ಆದ್ರೂ ಒಟ್ಟು ದುಡ್ಡು ಜಾಸ್ತಿ ಆಗ್ಬೋದು. ಅಂದ್ರೆ ನಮಗೆ ಬೇಕಿರೋದು ಲೋಟದ ಸಂಖ್ಯೆ ಇಳಿದಿದೆ ಅಂತ ತೋರಿಸೋ ಆಪ್ಷನ್. ಇಷ್ಟು ಕೈಲಿ ಇಟ್ಕೊಂಡು ಈಗ ಆಪ್ಷನ್‌ಗೆ ಹೋಗಿ.

ಎ: ಗೊಣಗಿದ್ರು, ಸರಿ, ಗೊಣಗ್ತಾ ಕುಡೀಲಿಲ್ವಾ? ಕುಡಿದಿರ್ಬೋದು. ಬೇಡ. ಬಿ: ಲಾಭದ ವಿಷಯ, ನಮ್ಮ ತೀರ್ಮಾನ ಲೋಟದ ವಿಷಯ. ಬೇಡ. ಸಿ: ಇದ್ರಿಂದ ಗಿರಾಕಿ ಪಕ್ಕಕ್ಕೆ ಹೋಗೋ ಕಾರಣ ಕಮ್ಮಿ ಆಗತ್ತೆ, ಮಾಲೀಕರಿಗೇ ಸಪೋರ್ಟು. ಬೇಡ. ಇ: ಇಡ್ಲಿ ಯಾರು ಕೇಳಿದ್ರು. ಬೇಡ. ಉಳಿದಿದ್ದು ಡಿ, ಮೇಲ್ನೋಟಕ್ಕೆ ಮಾಲೀಕರ ಪರ ಇದ್ದಂಗೆ ಕಾಣತ್ತೆ, ಅವಸರದಲ್ಲಿ ಓದಿದೋರು ಮೊದಲು ಬಿಸಾಕೋದು ಇದನ್ನೇ. ಲೆಕ್ಕ ಹಾಕಿ: ಹಿಂದಿನ ತಿಂಗಳು 1000 ಲೋಟ ಹೋಗಿದ್ರೆ 15,000 ರೂಪಾಯಿ. ಶೇ 10 ಜಾಸ್ತಿ ಅಂದ್ರೆ 16,500. ಅದನ್ನ 20ರಿಂದ ಭಾಗಿಸಿದ್ರೆ 825 ಲೋಟ. 175 ಲೋಟ ಕಮ್ಮಿ! ಬೆಲೆ ಮೂರನೇ ಒಂದು ಭಾಗ ಏರಿದೆ, ದುಡ್ಡು ಏರಿದ್ದು ಹತ್ತನೇ ಒಂದು ಭಾಗ ಮಾತ್ರ. ತೀರ್ಮಾನ ಬಿದ್ದೋಯ್ತು.

ಪರೀಕ್ಷೇಲಿ 825ರ ತನಕ ಹೋಗ್ಬೇಕಾಗಿಲ್ಲ, ಬೆಲೆ ಏರಿದಷ್ಟು ದುಡ್ಡು ಏರಿಲ್ಲ ಅಂತ ಹೊಳೆದ್ರೆ ಸಾಕು, ಅದು ಹೊಳೆಯೋದು ಬಿರುಕನ್ನ ಮೊದಲೇ ಯೋಚ್ನೆ ಮಾಡಿದ್ರೆ ಮಾತ್ರ. ಟೈಮ್ ನೋಡಿ: ಪ್ರಶ್ನೆಗೆ 8 ಸೆಕೆಂಡ್, ಪ್ಯಾರಾಗೆ 45, ಬಿರುಕಿಗೆ 15, ಆಪ್ಷನ್‌ಗೆ 40. ಒಟ್ಟು 108 ಸೆಕೆಂಡ್, ಎರಡು ನಿಮಿಷದ ಒಳಗೆ, ಎಲ್ಲೂ ಓಡಿಲ್ಲ.

ಹಂತ 5: ಆಪ್ಷನ್‌ನಲ್ಲಿ ಎರಡು ಸುತ್ತು, ಮೂರನೇದು ಇಲ್ಲ

ಮೊದಲನೇ ಸುತ್ತಲ್ಲಿ ಬರೀ ತೆಗೆಯೋ ಕೆಲಸ. ಸರಿ ಉತ್ತರ ಹುಡುಕ್ಬೇಡಿ, ಖಂಡಿತ ಅಲ್ಲ ಅನ್ಸಿದ್ದನ್ನ ತೆಗೀರಿ, ಅನುಮಾನ ಇದ್ರೆ ಇಟ್ಕೊಳ್ಳಿ, ಒಂದೊಂದಕ್ಕೆ ಐದಾರು ಸೆಕೆಂಡ್. ಎರಡನೇ ಸುತ್ತಲ್ಲಿ ಉಳಿದ ಎರಡನ್ನ ಮಾತ್ರ ನೋಡಿ.

ಎರಡೇ ಉಳಿದಾಗ ಎಲ್ಲರೂ ಮಾಡೋ ತಪ್ಪು, "ಇದು ಸರೀನಾ, ಅದು ಸರೀನಾ" ಅಂತ ಆಪ್ಷನ್‌ಗಳನ್ನೇ ದಿಟ್ಟಿಸೋದು. ಅವೆರಡರ ಮಧ್ಯ ವ್ಯತ್ಯಾಸ ಏನು ಅಂತ ಒಂದು ಪದದಲ್ಲಿ ಹಿಡೀರಿ. ಸಾಮಾನ್ಯವಾಗಿ ಒಂದರಲ್ಲಿ "ಕೆಲವು" ಇರತ್ತೆ, ಇನ್ನೊಂದರಲ್ಲಿ "ಎಲ್ಲಾ", ಅಥವಾ ಒಂದು ಲಾಭದ ಬಗ್ಗೆ, ಇನ್ನೊಂದು ಮಾರಾಟದ ಬಗ್ಗೆ. ಆ ಪದ ಕೈಗೆ ಸಿಕ್ಕಿದ್ಮೇಲೆ ಕನ್‌ಕ್ಲೂಷನ್‌ಗೆ ವಾಪಸ್ ಹೋಗಿ ಅಲ್ಲಿ ಯಾವ ಪದ ಇದೆ ನೋಡಿ.

ಅಸಂಪ್ಷನ್ ಪ್ರಶ್ನೆ ಆದ್ರೆ ಇನ್ನೂ ಸುಲಭ, ಉಲ್ಟಾ ಮಾಡಿ ನೋಡಿ. ಸಿಗ್ನಲ್ ಉದಾಹರಣೇಲಿ "ಆ ಅವಧೀಲಿ ಗಾಡಿಗಳ ಸಂಖ್ಯೆ ತುಂಬಾ ಇಳಿದಿರ್ಲಿಲ್ಲ" ಅಂತ ಆಪ್ಷನ್ ಇದ್ರೆ, "ತುಂಬಾ ಇಳಿದಿತ್ತು" ಅಂತ ಮಾಡಿ. ಸಿಗ್ನಲ್‌ನಿಂದಾನೇ ಅನ್ನೋ ಮಾತು ಅಲುಗಾಡ್ತಾ? ಹಂಗಾದ್ರೆ ಅದೇ ಉತ್ತರ. ಇದನ್ನ ಎಲ್ಲಾ ಆಪ್ಷನ್‌ಗೂ ಮಾಡೋಕೆ ಹೋಗ್ಬೇಡಿ, ಕೊನೇ ಎರಡಕ್ಕೆ ಮಾತ್ರ.

ಇನ್ಫರೆನ್ಸ್ ಪ್ರಶ್ನೇಲಿ ಬಿರುಕು ಹುಡುಕೋ ಕೆಲಸ ಇಲ್ಲ, ಕೊಟ್ಟಿರೋದು ನಿಜ ಅಂತ ಒಪ್ಕೊಂಡು ಏನು ಖಂಡಿತ ನಿಜ ಆಗ್ಲೇಬೇಕು ಅಂತ ನೋಡ್ಬೇಕು. "ಕಾವೇರಿ ಕನೆಕ್ಷನ್ ಇರೋ ಮನೆಗಳೆಲ್ಲಾ ಮೀಟರ್ ಹಾಕ್ಸಿದಾರೆ, ಮೀಟರ್ ಇರೋ ಕೆಲವು ಮನೆಯವರು ಬೋರ್‌ವೆಲ್ ನೀರೂ ಬಳಸ್ತಾರೆ" ಅಂತ ಇದ್ರೆ, ಕಾವೇರಿ ಕನೆಕ್ಷನ್ ಇರೋ ಕೆಲವರು ಬೋರ್‌ವೆಲ್ ಬಳಸ್ತಾರೆ ಅಂತ ಹೇಳೋಕೆ ಆಗಲ್ಲ. ಬೆಂಗಳೂರಲ್ಲಿ ಇರೋರಿಗೆ ಅದು ನಿಜ ಅಂತ ಗೊತ್ತಿದೆ, ದಿನಾ ನೋಡ್ತೀವಿ, ಅದಕ್ಕೇ ಟಕ್ ಅಂತ ಅದನ್ನೇ ಟಿಕ್ ಮಾಡ್ತೀವಿ. ನಮಗೆ ಗೊತ್ತಿರೋ ವಿಷಯದ ಮೇಲೆ ಪ್ಯಾರಾ ಬಂದಾಗ್ಲೇ ಜಾಸ್ತಿ ಹುಷಾರಾಗಿರ್ಬೇಕು.

ಹಂತ 6: ಬಿಡೋದನ್ನ ಪ್ರಾಕ್ಟೀಸ್ ಮಾಡಿ

ಎರಡೂಕಾಲು ನಿಮಿಷ ಆಯ್ತು, ಇನ್ನೂ ಎರಡು ಆಪ್ಷನ್ ಮಧ್ಯ ಇದೀರ ಅಂದ್ರೆ ಒಂದನ್ನ ಒತ್ತಿ ಮುಂದೆ ಹೋಗಿ. ಅಲ್ಲಿ ಕೂತು ಇನ್ನೊಂದು ನಿಮಿಷ ಸುರಿದ್ರೆ ಸರಿ ಆಗೋ ಚಾನ್ಸ್ ಜಾಸ್ತಿ ಏನೂ ಆಗಲ್ಲ, ಆದ್ರೆ ಆ ಒಂದು ನಿಮಿಷ ಕೊನೇಲಿ ಸುಲಭದ ಪ್ರಶ್ನೆಯೊಂದನ್ನ ತಿಂದಾಕತ್ತೆ. ಇದು ಪರೀಕ್ಷೆ ದಿನ ತಾನಾಗೇ ಬರಲ್ಲ, ಮನೇಲಿ ಮಾಡೋ ಪ್ರತಿ ಸೆಟ್‌ನಲ್ಲೂ ಒಂದಾದ್ರೂ ಪ್ರಶ್ನೇನ ಬೇಕಂತಲೇ ಹಿಂಗೆ ಬಿಟ್ಟು ಅಭ್ಯಾಸ ಮಾಡ್ಕೊಳ್ಳಿ.

ಈಗ ನೆಗೆಟಿವ್ ಲೆಕ್ಕ. ಕ್ಯಾಟ್‌ನಲ್ಲಿ ಆಪ್ಷನ್ ಇರೋ ಪ್ರಶ್ನೆ ಸರಿ ಆದ್ರೆ 3, ತಪ್ಪಾದ್ರೆ ಮೈನಸ್ 1. ನಾಲ್ಕರಲ್ಲಿ ಕಣ್ಮುಚ್ಚಿ ಒಂದು ಒತ್ತಿದ್ರೆ ಸರಾಸರಿ ಸೊನ್ನೆ, ಎರಡು ತೆಗೆದು ಉಳಿದೆರಡರಲ್ಲಿ ಒಂದು ಒತ್ತಿದ್ರೆ ಸರಾಸರಿ 1 ಮಾರ್ಕ್ ಲಾಭ. ಸಿಸ್ಯಾಟ್‌ನಲ್ಲಿ ಮೂರನೇ ಒಂದು ಭಾಗ ಕಟ್, ಅಲ್ಲೂ ಕಣ್ಮುಚ್ಚಿ ಒತ್ತಿದ್ರೆ ಸೊನ್ನೆ, ಒಂದಾದ್ರೂ ತೆಗೆದಿದ್ರೆ ಲಾಭ. ಕ್ಲಾಟ್‌ನಲ್ಲಿ ತಪ್ಪಿಗೆ 0.25 ಮಾತ್ರ, ಎರಡು ತೆಗೆದಿದ್ರೆ ಖಾಲಿ ಬಿಡ್ಲೇಬೇಡಿ. ಜಿಮ್ಯಾಟ್‌ನಲ್ಲಿ ತಪ್ಪಿಗೆ ಅಂತ ಮಾರ್ಕ್ಸ್ ಕಟ್ ಆಗಲ್ಲ, ಆದ್ರೆ ಕೊನೇ ಪ್ರಶ್ನೆಗಳು ಖಾಲಿ ಉಳಿದ್ರೆ ಸ್ಕೋರ್‌ಗೆ ದೊಡ್ಡ ಪೆಟ್ಟು, ಅಲ್ಲಿ ಮುಗಿಸೋದೇ ಮೊದಲನೇ ನಿಯಮ. ಪ್ರಶ್ನೇನ ಬುಕ್‌ಮಾರ್ಕ್ ಮಾಡಿ ಸೆಕ್ಷನ್ ಕೊನೇಲಿ ಟೈಮ್ ಉಳಿದ್ರೆ 3 ಉತ್ತರದ ತನಕ ಬದಲಾಯಿಸ್ಬೋದು, ಅದನ್ನ ನಂಬ್ಕೊಂಡು ಹತ್ತು ಬುಕ್‌ಮಾರ್ಕ್ ಮಾತ್ರ ಮಾಡ್ಬೇಡಿ.

ಪ್ರತಿ ಪ್ರಶ್ನೆಗೂ ಗಡಿಯಾರ ನೋಡೋದು ಬೇಡ. ಜಿಮ್ಯಾಟ್ ವರ್ಬಲ್ ಆದ್ರೆ 8 ಪ್ರಶ್ನೆ ಮುಗಿದಾಗ 29 ನಿಮಿಷ ಉಳಿದಿರ್ಬೇಕು, 16 ಮುಗಿದಾಗ ಸುಮಾರು 14. ಎರಡೇ ಕಡೆ ನೋಡಿ ಸಾಕು. ಕ್ಲಾಟ್‌ನಲ್ಲಿ ಒಂದು ಪ್ಯಾಸೇಜ್ ಅದರ ಪ್ರಶ್ನೆಗಳ ಸಮೇತ ಐದಾರು ನಿಮಿಷ.

ಹಂತ 7: ತಪ್ಪಿನ ಪುಸ್ತಕ

ಒಂದು 200 ಪುಟದ ಗೆರೆ ನೋಟ್‌ಬುಕ್ ತಗೊಳ್ಳಿ. ತಪ್ಪಾದ ಪ್ರತಿ ಪ್ರಶ್ನೆಗೂ ಒಂದು ಸಾಲು: ಯಾವ ಥರದ್ದು, ಎಷ್ಟು ಸೆಕೆಂಡ್, ನಾನು ಹಾಕಿದ್ದು, ಸರಿ ಉತ್ತರ, ಕೊನೇಲಿ "ತಪ್ಪು ಉತ್ತರ ನನಗೆ ಯಾಕೆ ಸರಿ ಅನ್ಸ್ತು". ಆ ಕೊನೇ ಕಾಲಂ ಬರೆಯೋಕೆ ಬೇಜಾರಾಗತ್ತೆ, ಬರೀಲೇಬೇಕು. ನನ್ನ ಪುಸ್ತಕದ ಮೊದಲನೇ 30 ತಪ್ಪಲ್ಲಿ 11, ಮೊದಲು ಸರಿಯಾಗಿ ಹಾಕಿ ಆಮೇಲೆ ಬದಲಾಯಿಸಿದ್ದು. ಅಷ್ಟು ದಿನ ನನಗೆ ಅಸಂಪ್ಷನ್ ಬರಲ್ಲ ಅಂತ ಅಂದ್ಕೊಂಡಿದ್ದೆ. ಅವತ್ತಿಂದ ಒಂದು ನಿಯಮ ಮಾಡ್ಕೊಂಡೆ, ಬದಲಾಯಿಸ್ಬೇಕು ಅಂದ್ರೆ ಪ್ಯಾರಾದಲ್ಲಿ ನಾನು ಮೊದಲು ನೋಡ್ದೇ ಇದ್ದ ಒಂದು ಪದ ಬೆರಳಿಟ್ಟು ತೋರ್ಸ್ಬೇಕು, ಇಲ್ಲ ಅಂದ್ರೆ ಬದಲಾಯಿಸೋ ಹಂಗಿಲ್ಲ.

ಸರಿ ಆಗಿ ಎರಡೂವರೆ ನಿಮಿಷ ತಗೊಂಡಿದ್ದನ್ನೂ ಬರ್ಕೊಳ್ಳಿ, ಅದೂ ತಪ್ಪಿನ ಲೆಕ್ಕವೇ.

ಟೈಮರ್ ಯಾವಾಗ ಹಾಕೋದು

ಮೊದಲನೇ ಎರಡು ವಾರ ಲಿಮಿಟ್ ಇಲ್ಲ, ದಿನಕ್ಕೆ 8 ಪ್ರಶ್ನೆ, ಎಲ್ಲಾ ಹಂತ ಬಾಯಲ್ಲಿ ಹೇಳ್ಕೊಂಡು ಮಾಡಿ. ಮೂರನೇ ವಾರ ಐದು ಪ್ರಶ್ನೆ ಸೆಟ್‌ಗೆ 13 ನಿಮಿಷ ಇಡಿ, ಒಂದೊಂದಕ್ಕೆ ಅಲ್ಲ, ಇಡೀ ಸೆಟ್‌ಗೆ. ಐದಕ್ಕೆ ನಾಲ್ಕು ಸರಿ ಬರ್ತಿದ್ರೆ ಮಾತ್ರ 11ಕ್ಕೆ ಇಳಿಸಿ, ಆಮೇಲೆ 10ಕ್ಕೆ. ನಾಲ್ಕಕ್ಕಿಂತ ಕಮ್ಮಿ ಆದ್ರೆ ನಾಚ್ಕೋಬೇಡಿ, ಹಿಂದಿನ ಟೈಮಿಗೆ ವಾಪಸ್ ಬನ್ನಿ. ನನಗೆ 11ರಿಂದ 10ಕ್ಕೆ ಬರೋಕೆ ಮೂರು ವಾರ ಹಿಡೀತು.

ಆಫೀಸ್‌ಗೆ ಹೋಗೋರಿಗೆ ಒಂದು ಮಾತು. ಮೆಟ್ರೋದಲ್ಲಿ ನಿಂತ್ಕೊಂಡು ಹೊಸ ಪ್ರಶ್ನೆ ಮಾಡೋಕೆ ಹೋಗ್ಬೇಡಿ, ವಿಜಯನಗರದಿಂದ ಇಂದಿರಾನಗರಕ್ಕೆ ಬರೋ ಅಷ್ಟರಲ್ಲಿ ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿ ಅರ್ಧ ಓದಿದ ಪ್ಯಾರಾ ಹಂಗೇ ಹೋಗತ್ತೆ. ಅಲ್ಲಿ ಹಳೇ ಪ್ರಶ್ನೆಗಳ ಪ್ಯಾರಾ ಮಾತ್ರ ಓದಿ, ಕನ್ನಡದಲ್ಲಿ ಒಂದು ಸಾಲು ಮಾಡಿ, ಬಿರುಕು ಹೇಳಿ, ಆಪ್ಷನ್ ಬೇಡ. ಒಂದು ಟ್ರಿಪ್‌ಗೆ ಹತ್ತು ಆಗತ್ತೆ. ಹಂತ 3 ನನಗೆ ಗಟ್ಟಿ ಆಗಿದ್ದು ಅಲ್ಲೇ.

ಫುಲ್ ಮಾಕ್ ಮಾಡೋದಾದ್ರೆ ನಿಮ್ಮ ಪರೀಕ್ಷೆ ಇರೋ ಹೊತ್ತಲ್ಲೇ ಮಾಡಿ. ಕ್ಲಾಟ್ ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರ್‌ನ ಭಾನುವಾರ ಮಧ್ಯಾಹ್ನ 2ರಿಂದ 4ಕ್ಕೆ ನಡೀತಿದೆ, ಊಟ ಆಗಿ ಕಣ್ಣು ಎಳೆಯೋ ಟೈಮು. ನಮ್ಮ ಚಿಕ್ಕಪ್ಪನ ಮಗಳು ಎಲ್ಲಾ ಮಾಕೂ ಬೆಳಗ್ಗೆ 6ಕ್ಕೆ ಎದ್ದು ಮಾಡ್ತಿದ್ಲು. ಈಗ ಭಾನುವಾರ ಅನ್ನ ಸಾರು ಅರ್ಧ ಹೊಟ್ಟೆ ತಿಂದು ಸರಿಯಾಗಿ 2ಕ್ಕೆ ಕೂರ್ತಾಳೆ, ಮುಗಿದ್ಮೇಲೆ ಉಳಿದ ಊಟ. ಪೆನ್ಸಿಲ್ ಕಿತ್ಕೊಂಡು ಪೆನ್ ಕೊಟ್ಟಿದೀನಿ. ಹೋದ ವಾರದ ಪೇಪರ್ ಕಳಿಸಿದ್ಲು, ಒಂದು ಪ್ಯಾಸೇಜ್‌ಗೆ ಎರಡೇ ಅಡಿಗೆರೆ, ಪಕ್ಕದಲ್ಲಿ ಕನ್ನಡದಲ್ಲಿ ಒಂದೊಂದು ಸಾಲು.